ಗೇಟಿನಲ್ಲಿ ಕೂತಿದ್ದವನ ಗೈರುಹಾಜರಿ: ಒಂದು ವಜಾ ಪ್ರಕರಣದ ಅಧ್ಯಯನ

ಈ ಪ್ರಕರಣದ ಕಡತ ನನ್ನ ಮೇಜಿಗೆ ಬಂದದ್ದು ಅದು ಬಹುಪಾಲು ಕೈತಪ್ಪಿ ಹೋದ ಮೇಲೆ. ಕಾರ್ಖಾನೆ ನಡೆಸಿದ ಆಂತರಿಕ ವಿಚಾರಣೆ ನ್ಯಾಯಸಮ್ಮತವಾಗಿರಲಿಲ್ಲವೆಂದು ಕಾರ್ಮಿಕ ನ್ಯಾಯಾಲಯ ಆದೇಶ ಕೊಟ್ಟ ಎರಡು ವಾರಕ್ಕೆ, ಮುಂದೇನು ಮಾಡಬಹುದೆಂದು ಆಡಳಿತ ವರ್ಗದವರು ನನ್ನ ಅಭಿಪ್ರಾಯ ಕೇಳಿದರು. ಕೈಗಾರಿಕಾ ವಿವಾದಗಳ ಕಾಯ್ದೆ, 1947 ಇನ್ನೂ ಜಾರಿಯಲ್ಲಿದ್ದ ಕಾಲದ ಮಾತಿದು. ಸಂಬಂಧಪಟ್ಟವರ ಗುರುತು ಸಿಗದಂತೆ ಊರು, ವಿಭಾಗ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿಚಾರಣೆ ಎಲ್ಲಿ ಹಳಿ ತಪ್ಪಿತೆಂಬುದನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ.

ಹಿನ್ನೆಲೆ

ಬೆಂಗಳೂರಿನಿಂದ ಉತ್ತರಕ್ಕೆ ಹೆದ್ದಾರಿಯ ಪಕ್ಕದ ಕೈಗಾರಿಕಾ ಪ್ರದೇಶವೊಂದರಲ್ಲಿ, ಸುಮಾರು 240 ಜನ ದುಡಿಯುವ, ವಿದ್ಯುತ್ ಮೋಟಾರುಗಳ ಕಾಯಿಲ್ ತಯಾರಿಸುವ ಕಾರ್ಖಾನೆ ಅದು. ಆಪಾದನೆ ಹೊತ್ತವನು ವೈಂಡಿಂಗ್ ವಿಭಾಗದಲ್ಲಿ 14 ವರ್ಷ ದುಡಿದಿದ್ದ ಆಪರೇಟರ್. ಅವನ ಸೇವಾ ಕಡತದಲ್ಲಿ ಇದ್ದ ಕಪ್ಪು ಚುಕ್ಕೆಯೆಂದರೆ, ಆರು ವರ್ಷದ ಹಿಂದೆ ತಡವಾಗಿ ಬಂದದ್ದಕ್ಕೆ ಕೊಟ್ಟ ಒಂದು ಎಚ್ಚರಿಕೆ ಪತ್ರ.

ಎರಡನೇ ಪಾಳಿ ಮುಗಿಯುವ ಹೊತ್ತಿಗೆ ಭದ್ರತಾ ಸಿಬ್ಬಂದಿ ಕೈತೊಳೆಯುವ ಜಾಗದ ಪಕ್ಕದ ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ್ದ ಊಟದ ಚೀಲಗಳನ್ನು ತಪಾಸಣೆ ಮಾಡಿದರು. ಈ ಆಪರೇಟರನ ಚೀಲದಲ್ಲಿ, ಬುತ್ತಿಯ ಡಬ್ಬಿಯ ಕೆಳಗೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ತಾಮ್ರದ ತಂತಿಯ ತುಂಡುಗಳು ಸಿಕ್ಕವು. ಚೀಲ ನನ್ನದು, ತಂತಿ ನನ್ನದಲ್ಲ, ಚೀಲಕ್ಕೆ ಬೀಗವಿಲ್ಲ, ಯಾರು ಬೇಕಾದರೂ ಅದರೊಳಗೆ ಕೈ ಹಾಕಬಹುದು ಎಂದು ಅವನು ಅಂದೇ ಹೇಳಿದನೆಂಬುದು ಅವನ ನಿಲುವು. ಭದ್ರತಾ ಮೇಲ್ವಿಚಾರಕರು ಹೇಳುವ ಪ್ರಕಾರ ಅವನು ತಪ್ಪೊಪ್ಪಿಕೊಂಡನು. ರಾತ್ರಿ ಹನ್ನೊಂದೂವರೆಗೆ ಬರೆದ ಒಂದು ಹಾಳೆ ಕಡತದಲ್ಲಿದೆ: ‘ನನ್ನಿಂದ ತಪ್ಪಾಗಿದೆ, ಇನ್ನು ಮುಂದೆ ಹೀಗೆ ನಡೆಯುವುದಿಲ್ಲ.’ ಕೆಳಗಿನ ಸಹಿ ಆಪರೇಟರನದು. ಮೇಲಿನ ಕೈಬರಹ ಮೇಲ್ವಿಚಾರಕರದು. ಕಾರ್ಖಾನೆಯ ಕೊನೆಯ ಬಸ್ಸು ಹೊರಡುತ್ತಿತ್ತು, ಸಹಿ ಹಾಕಿ ಹೋಗು ಎಂದರು, ಹಾಕಿದೆ ಎಂದು ಅವನು ನಂತರ ಹೇಳಿದ. ಸಿಕ್ಕ ಮಾಲನ್ನು ಅವನೆದುರು ತೂಗಲಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಪಡೆದು ಮಹಜರು ಮಾಡಲಿಲ್ಲ. ಪೊಲೀಸರಿಗೆ ದೂರು ಕೊಡಲಿಲ್ಲ. ಅದು ಕಡ್ಡಾಯವೂ ಅಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಬೇಕಾಗುವಂತೆ ಸಂಶಯಾತೀತವಾಗಿ ಸಾಬೀತಾಗಬೇಕಾದ ಅಗತ್ಯ ಆಂತರಿಕ ವಿಚಾರಣೆಯಲ್ಲಿ ಇಲ್ಲ, ಸಂಭವನೀಯತೆ ಯಾವ ಕಡೆ ವಾಲುತ್ತದೆಂದು ತೋರಿಸಿದರೆ ಸಾಕು. ಆದರೆ ವಾಲುವುದಕ್ಕೂ ತಕ್ಕಡಿಯಲ್ಲಿ ಏನಾದರೂ ಇರಬೇಕಷ್ಟೆ.

ಮರುದಿನವೇ ಅಮಾನತು. ಹತ್ತೊಂಬತ್ತನೆಯ ದಿನ ಚಾರ್ಜ್‌ಶೀಟ್ ಕೈಸೇರಿತು: ಇಂಗ್ಲಿಷಿನಲ್ಲಿ ಮೂರು ಪುಟ, ಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಮುಖಪತ್ರ. ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನಿಗೆ ಆ ಮೂರು ಪುಟಗಳನ್ನು ಪಕ್ಕದ ಮನೆಯ ಕಾಲೇಜು ಹುಡುಗ ಓದಿ ಹೇಳಿದನಂತೆ. ‘ಮಾಲೀಕರ ಆಸ್ತಿಗೆ ಸಂಬಂಧಿಸಿ ಕಳವು, ವಂಚನೆ ಅಥವಾ ಅಪ್ರಾಮಾಣಿಕತೆ’ ಎಂಬ ಸ್ಥಾಯಿ ಆದೇಶದ, ಅಂದರೆ ಕಾರ್ಖಾನೆಯ ಸೇವಾ ನಿಯಮಾವಳಿಯ, ಮಾತನ್ನು ಹಾಗೆಯೇ ಎತ್ತಿ ಬರೆದು, ‘ಸುಮಾರು ಒಂದೂವರೆ ಕೆಜಿ ತಾಮ್ರ’ ಎಂದು ಸೇರಿಸಲಾಗಿತ್ತು. ಯಾವ ಯಂತ್ರದ ತಂತಿ, ಯಾವ ಗೇಜಿನದು, ಹೊಸದೋ ಸ್ಕ್ರ್ಯಾಪೋ ಎಂಬ ಒಂದು ವಿವರವೂ ಅಲ್ಲಿರಲಿಲ್ಲ.

ವಿಚಾರಣೆ

ವಿಚಾರಣಾಧಿಕಾರಿಯಾಗಿ ಹೊರಗಿನ ವಕೀಲರೊಬ್ಬರನ್ನು ನೇಮಿಸಿದರು. ಕಂಪನಿಯಿಂದ ಶುಲ್ಕ ಪಡೆದ ಮಾತ್ರಕ್ಕೆ ವಿಚಾರಣಾಧಿಕಾರಿ ಪಕ್ಷಪಾತಿಯಾಗುವುದಿಲ್ಲ. ನಾನೂ ಆ ಕುರ್ಚಿಯಲ್ಲಿ ಅನೇಕ ಸಲ ಕೂತವನೇ. ಸಿಬ್ಬಂದಿ ವಿಭಾಗದ ವ್ಯವಸ್ಥಾಪಕರೇ ಮಂಡನಾಧಿಕಾರಿಯಾದರು, ಅಂದರೆ ಆಡಳಿತದ ಪರವಾಗಿ ಸಾಕ್ಷ್ಯ ಮುಂದಿಡುವವರು. ಮುಂದಿನ ಎಡವಟ್ಟಿನ ಬೀಜ ಈ ನೇಮಕದಲ್ಲೇ ಇತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಲ ಬೈಠಕ್ಕು ಸುಸೂತ್ರವಾಗಿ ಮುಗಿಯಿತು. ಆರೋಪವನ್ನು ಓದಿ ಹೇಳಿದರು, ಅವನು ನಿರಾಕರಿಸಿದ. ತನ್ನ ಪರವಾಗಿ ಮಾತಾಡಲು ಕಾಯಿಲ್ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಬೇಕೆಂದು ಕೇಳಿದ್ದಕ್ಕೆ ಒಪ್ಪಿಗೆಯೂ ಸಿಕ್ಕಿತು. ಎರಡನೇ ಬೈಠಕ್ಕಿನಲ್ಲಿ ಚೀಲ ತಪಾಸಣೆ ಮಾಡಿದ ಕಾವಲುಗಾರನ ಸಾಕ್ಷಿ. ಪಾಟೀಸವಾಲಿನಲ್ಲಿ ಆ ಹಿರಿಯರು, ನಿವೃತ್ತಿಗೆ ಮೂರು ವರ್ಷವಿದ್ದವರು, ಎರಡೇ ಪ್ರಶ್ನೆ ಕೇಳಿದರು. ತಂತಿಯನ್ನು ತೂಗಿದಿರಾ? ‘ಇಲ್ಲ, ಒಂದು ಕೆಜಿ ಇರಬಹುದು.’ ಅಂದಿನ ಸ್ಕ್ರ್ಯಾಪ್ ರಿಜಿಸ್ಟರ್ ತರಿಸಿ ನೋಡೋಣವೇ? ಇದಕ್ಕೆ ಉತ್ತರ ಸಾಕ್ಷಿಯಿಂದ ಬರಲಿಲ್ಲ, ವಿಚಾರಣಾಧಿಕಾರಿಯೇ ‘ಅಪ್ರಸ್ತುತ’ ಎಂದು ಬರೆದು ತಳ್ಳಿಹಾಕಿದರು. ನನ್ನ ದೃಷ್ಟಿಯಲ್ಲಿ ಇದು ಮೊದಲ ತಿರುವು. ಪ್ರತಿ ಪಾಳಿಯ ಕೊನೆಗೆ ಸ್ಟೋರಿನವರು ಸ್ಕ್ರ್ಯಾಪ್ ತೂಗಿ ಬರೆದುಕೊಳ್ಳುವ ಪದ್ಧತಿ ಆ ಕಾರ್ಖಾನೆಯಲ್ಲಿತ್ತು. ಅಂದಿನ ಲೆಕ್ಕದಲ್ಲಿ ಕೊರತೆ ಕಂಡಿದ್ದರೆ ಆಡಳಿತಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. ಲೆಕ್ಕ ಸರಿಯಿದ್ದಿದ್ದರೆ ಆಪರೇಟರನ ಮಾತಿಗೆ ಬಲ ಬರುತ್ತಿತ್ತು. ಎರಡರಲ್ಲಿ ಯಾವುದೆಂದು ತಿಳಿಯುವ ಬಾಗಿಲನ್ನು ಒಂದೇ ಪದದಿಂದ ಮುಚ್ಚಿಬಿಟ್ಟರು.

ಈ ನಡುವೆ ಅಮಾನತಿನ ಜೀವನಾಧಾರ ಭತ್ಯೆ ಮೊದಲ ತಿಂಗಳು ಬಂತು, ಎರಡು ತಿಂಗಳು ಬರಲಿಲ್ಲ. ಮೊದಲ 90 ದಿನ ವೇತನದ ಅರ್ಧದಷ್ಟು, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ಆನಂತರ ಮುಕ್ಕಾಲು ಪಾಲು ಕೊಡಬೇಕೆಂಬುದು ಆಗಿನ ಸ್ಥಾಯಿ ಆದೇಶಗಳ ಕಾಯ್ದೆಯ 10-ಎ ಕಲಮು. ಇದು ದಯೆಯಿಂದ ಕೊಡುವ ಹಣವಲ್ಲವೆಂದು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಕರಣವೇ ತೋರಿಸಿಕೊಟ್ಟಿದೆ. ಅಮಾನತಾದ ಭದ್ರತಾ ಅಧಿಕಾರಿಯೊಬ್ಬರು ಭತ್ಯೆ ಸಿಗದೆ, ಕೈಯಲ್ಲಿ ಕಾಸಿಲ್ಲದೆ, ತಮ್ಮ ಊರಾದ ಕೇರಳದಿಂದ ವಿಚಾರಣೆಗೆ ಬರಲಾಗದೆ ಹೋದಾಗ ಏಕಪಕ್ಷೀಯವಾಗಿ ಅವರನ್ನು ವಜಾ ಮಾಡಲಾಗಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ಎತ್ತಿಹಿಡಿಯಲು ನಿರಾಕರಿಸಿತು. ನಮ್ಮ ಆಪರೇಟರ್ ಹೆಂಡತಿಯ ತವರಿಗೆ ಹೋಗಿ ಕೊಬ್ಬರಿ ಒಡೆಯುವ ಕೆಲಸಕ್ಕೆ ಸೇರಿದ. ವಿಚಾರಣೆಯ ದಿನ ಮಾತ್ರ ಮುಂಜಾನೆಯ ಬಸ್ಸು ಹಿಡಿದು ಬರುತ್ತಿದ್ದ.

ಮೂರನೆಯ ಬೈಠಕ್ಕು

ಬೆಳಗ್ಗೆ 11ಕ್ಕೆ ನಿಗದಿಯಾಗಿತ್ತು. ಅವನು ಗೇಟಿಗೆ ಬಂದು ಪುಸ್ತಕದಲ್ಲಿ ಸಹಿ ಹಾಕಿದಾಗ 10.50. ಅಮಾನತಿನಲ್ಲಿರುವವರನ್ನು ಸಿಬ್ಬಂದಿ ವಿಭಾಗದಿಂದ ಫೋನ್ ಬಾರದೆ ಒಳಗೆ ಬಿಡಕೂಡದೆಂದು ಹೊಸ ಸುತ್ತೋಲೆ ಬಂದಿತ್ತು. ಅವತ್ತು ಕಾವಲಿಗಿದ್ದವನು ಅದನ್ನು ಚಾಚೂತಪ್ಪದೆ ಪಾಲಿಸಿದ: ‘ಮೇಲಿಂದ ಫೋನ್ ಬರ್ಬೇಕು, ಅಲ್ಲೀತನಕ ಇಲ್ಲೇ ಕೂತ್ಕೊಳ್ಳಣ್ಣ.’ ಫೋನ್ ಮಾಡಬೇಕಾಗಿದ್ದ ವ್ಯವಸ್ಥಾಪಕರು ಮೊದಲ ಮಹಡಿಯ ಸಭಾಕೊಠಡಿಯಲ್ಲಿ ಮಂಡನಾಧಿಕಾರಿಯಾಗಿ ಕೂತಿದ್ದರು, ಅವರ ಮೊಬೈಲು ಸದ್ದಡಗಿಸಿಕೊಂಡು ಮೇಜಿನ ಮೇಲಿತ್ತು. ಆಪರೇಟರನ ಪರ ನಿಲ್ಲಬೇಕಾಗಿದ್ದ ಹಿರಿಯರು ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ ತಮ್ಮ ಯಂತ್ರದ ಮುಂದಿದ್ದರು. ಅವರನ್ನು ಕೆಲಸದಿಂದ ಬಿಡಿಸುವ ಚೀಟಿ ಅವತ್ತು ವಿಭಾಗಕ್ಕೆ ಹೋಗಿರಲಿಲ್ಲ.

ವಿಚಾರಣೆಯ ನಡವಳಿಯಲ್ಲಿ 11.40ಕ್ಕೆ ಒಂದು ಸಾಲು ದಾಖಲಾಗಿದೆ: ಆಪಾದಿತ ನೌಕರನು ನೋಟೀಸು ತಲುಪಿದ್ದರೂ ಹಾಜರಾಗಿಲ್ಲ, ವಿಚಾರಣೆಯನ್ನು ಏಕಪಕ್ಷೀಯವಾಗಿ ಮುಂದುವರಿಸಲಾಗಿದೆ. ಮುಂದಿನ ನಲವತ್ತೈದು ನಿಮಿಷದಲ್ಲಿ ಭದ್ರತಾ ಮೇಲ್ವಿಚಾರಕರು ಮತ್ತು ವೈಂಡಿಂಗ್ ಫೋರ್‌ಮನ್ ಇಬ್ಬರ ಹೇಳಿಕೆಯನ್ನೂ ಬರೆದುಕೊಂಡು, ತಪ್ಪೊಪ್ಪಿಗೆಯ ಹಾಳೆಯನ್ನು ದಾಖಲೆಯಾಗಿ ಗುರುತಿಸಿ, ವಿಚಾರಣೆ ಮುಗಿಯಿತೆಂದು 12.25ಕ್ಕೆ ಷರಾ ಬರೆದರು. ಆ ಹಾಳೆಯನ್ನು ಯಾರು ಬರೆದರು, ಯಾವ ಸನ್ನಿವೇಶದಲ್ಲಿ ಸಹಿ ಬಿತ್ತು ಎಂದು ಕೇಳಬಹುದಾಗಿದ್ದ ಒಂದೇ ದಿನ ಅದು, ಕೇಳಬೇಕಾದವನು ಗೇಟಿನ ಬೆಂಚಿನ ಮೇಲೆ ಕೂತಿದ್ದ. ಯಾರೋ ನೋಡಿ ಅವನನ್ನು ಮೇಲೆ ಕಳಿಸುವಷ್ಟರಲ್ಲಿ ಹನ್ನೆರಡೂವರೆ ಆಗಿತ್ತು. ಕೊಠಡಿಯಲ್ಲಿ ಟೀ ಲೋಟಗಳು ಮಾತ್ರ ಇದ್ದವೆಂದು ಅವನು ನಂತರ ತನ್ನ ಸಾಕ್ಷ್ಯದಲ್ಲಿ ಹೇಳಿದ.

ಏಕಪಕ್ಷೀಯವಾಗಿ ನಡೆಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೇಕೆಂದೇ ತಪ್ಪಿಸಿಕೊಂಡು ತಿರುಗುವವರನ್ನು ಎಷ್ಟು ದಿನ ಕಾಯುವುದು? ನಾನೂ ಒಮ್ಮೆ, ಮಳೆಗಾಲದ ದಿನ, ಬಸ್ಸು ಕೆಟ್ಟು ನಿಂತವನನ್ನು ಅರ್ಧ ಗಂಟೆ ಕಾದು ಗೈರುಹಾಜರಿ ಬರೆದಿದ್ದೇನೆ. ಮಾರನೇ ದಿನ ಅವನ ಪತ್ರ ಬಂದಾಗ ಸಂಕೋಚದಿಂದಲೇ ಮತ್ತೆ ವಿಚಾರಣೆ ತೆರೆದೆ. ಅದರಿಂದ ಯಾರ ಮರ್ಯಾದೆಗೂ ಕುಂದು ಬರಲಿಲ್ಲ.

ಇಲ್ಲಿಯೂ ಅಂಥ ಪತ್ರ ಬಂತು. ಮರುದಿನವೇ ಅವನು ಸ್ವೀಕೃತಿ ಚೀಟಿ ಸಮೇತ ನೋಂದಾಯಿತ ಅಂಚೆಯಲ್ಲಿ ಒಂದು ಪುಟದ ಕನ್ನಡ ಪತ್ರ ಕಳಿಸಿದ: ನಾನು ಸಮಯಕ್ಕೆ ಸರಿಯಾಗಿ ಬಂದಿದ್ದೆ, ಗೇಟಿನಲ್ಲಿ ತಡೆದರು, ಇಬ್ಬರು ಸಾಕ್ಷಿಗಳನ್ನೂ ಪ್ರಶ್ನಿಸಲು ಒಂದು ಅವಕಾಶ ಕೊಡಿ. ಪತ್ರದ ಮೂಲೆಯಲ್ಲಿ ಸಿಬ್ಬಂದಿ ವಿಭಾಗದ ಸ್ವೀಕೃತಿ ಮುದ್ರೆಯಿದೆ, ಅದರ ಪಕ್ಕ ‘ಕಡತಕ್ಕೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿದೆ. ವಿಚಾರಣಾಧಿಕಾರಿಗೆ ಅದನ್ನು ಕಳಿಸಿದ್ದಕ್ಕೆ ಗುರುತಿಲ್ಲ, ಉತ್ತರ ಬರೆದದ್ದಕ್ಕೂ ಇಲ್ಲ. ಇಡೀ ಪ್ರಕರಣದಲ್ಲಿ ಆಡಳಿತ ವರ್ಗ ಅತಿ ಕಡಿಮೆ ಖರ್ಚಿನಲ್ಲಿ ತಪ್ಪನ್ನು ತಿದ್ದಿಕೊಳ್ಳಬಹುದಾಗಿದ್ದ ಗಳಿಗೆ ಇದೇ. ಇನ್ನೊಂದು ದಿನಾಂಕ, ಎರಡು ಗಂಟೆ ಪಾಟೀಸವಾಲು, ಅಷ್ಟೇ. ಅವನು ನಿಜವಾಗಿ ಕದ್ದಿದ್ದರೆ ಆ ಎರಡು ಗಂಟೆಯಲ್ಲಿ ಅವನ ಸುಳ್ಳೂ ಹೊರಬೀಳಬಹುದಿತ್ತು.

ವಿಚಾರಣಾ ವರದಿ ಆರು ಪುಟದ್ದು. ‘ನೌಕರನು ಸ್ವತಃ ತಪ್ಪೊಪ್ಪಿಕೊಂಡಿರುವುದರಿಂದ’ ಎಂಬ ಮಾತು ಅದರಲ್ಲಿ ನಾಲ್ಕು ಕಡೆ ಬರುತ್ತದೆ. ತಂತಿಯ ತೂಕ ಇಲ್ಲಿ 1.4 ಕೆಜಿ ಆಗಿದೆ, ಎಲ್ಲಿಂದ ಬಂತೋ. ವರದಿಯ ಪ್ರತಿ ಅವನ ಕೈಸೇರಿದ್ದು ವಜಾ ಆದೇಶವಿದ್ದ ಲಕೋಟೆಯಲ್ಲೇ. ವರದಿಯನ್ನು ಮೊದಲು ನೌಕರನಿಗೆ ಕೊಟ್ಟು, ಅದರ ಬಗ್ಗೆ ಅವನ ಮಾತು ಕೇಳಿದ ಮೇಲೆಯೇ ಶಿಕ್ಷೆಯ ತೀರ್ಮಾನ ಆಗಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲಿ, ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿಯ ಪ್ರಕರಣದಲ್ಲಿ ಹೇಳಿಯಾಗಿದೆ. ಸಾಲದ್ದಕ್ಕೆ ವಜಾ ಆದೇಶದಲ್ಲಿ ಆ ಹಳೆಯ ಎಚ್ಚರಿಕೆ ಪತ್ರವನ್ನೂ ಎಳೆತಂದು ‘ಹಿಂದಿನ ನಡತೆಯೂ ತೃಪ್ತಿಕರವಾಗಿಲ್ಲ’ ಎಂದರು. ಹಿಂದಿನ ದಾಖಲೆಯನ್ನು ಶಿಕ್ಷೆಗೆ ಆಧಾರ ಮಾಡಿಕೊಳ್ಳುವುದಾದರೆ ಅದನ್ನು ಮೊದಲೇ ನೌಕರನ ಮುಂದಿಟ್ಟು ಉತ್ತರ ಪಡೆಯಬೇಕೆಂಬ ತತ್ವ ನಮ್ಮಲ್ಲಿ ಮೈಸೂರು ರಾಜ್ಯದ ಕಾಲದಿಂದ ಇದೆ. ಮಂಚೇಗೌಡ ಪ್ರಕರಣವೆಂದೇ ಕಾರ್ಮಿಕ ವಕೀಲರ ಬಾಯಲ್ಲಿರುವ, 1964ರ ತೀರ್ಪು ವರದಿಗಳ ಸಂಪುಟ ಎಐಆರ್‌ನಲ್ಲಿ ವರದಿಯಾದ ತೀರ್ಪು ಅದು. ಹದಿನಾಲ್ಕು ವರ್ಷದ ಸೇವೆ ಶಿಕ್ಷೆಯನ್ನು ಹಗುರ ಮಾಡುವ ಸಂಗತಿಯೇ ಎಂದು ಆದೇಶದಲ್ಲಿ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಕಾರ್ಮಿಕ ನ್ಯಾಯಾಲಯದಲ್ಲಿ

ಕೈಗಾರಿಕಾ ವಿವಾದಗಳ ಕಾಯ್ದೆಗೆ ಕರ್ನಾಟಕದ ತಿದ್ದುಪಡಿಯಾದ 10(4-ಎ) ಕಲಮಿನ ಪ್ರಕಾರ, ಆದೇಶ ತಲುಪಿದ ಆರು ತಿಂಗಳೊಳಗೆ, ಸರ್ಕಾರ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಉಲ್ಲೇಖಕ್ಕೆ ಕಾಯದೆ ಅವನು ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದ. ಆಂತರಿಕ ವಿಚಾರಣೆ ನ್ಯಾಯಸಮ್ಮತವೇ ಎಂಬುದನ್ನು ನ್ಯಾಯಾಲಯ ರೂಢಿಯಂತೆ ಪ್ರಾಥಮಿಕ ವಿವಾದಾಂಶವಾಗಿ, ಅಂದರೆ ಮೊದಲು ತೀರ್ಮಾನಿಸಬೇಕಾದ ಪ್ರಶ್ನೆಯಾಗಿ, ತೆಗೆದುಕೊಂಡಿತು.

ಆಡಳಿತದ ಪರವಾಗಿ ವಿಚಾರಣಾಧಿಕಾರಿ ಸಾಕ್ಷಿ ನುಡಿದರು. ಅವರ ನಂತರ, ನೋಟೀಸುಗಳು ತಲುಪಿದ್ದನ್ನೂ ಆ ರಾತ್ರಿಯ ಪಾಳಿ ಬದಲಾವಣೆಯನ್ನೂ ರುಜುವಾತು ಮಾಡಲು ಭದ್ರತಾ ಮೇಲ್ವಿಚಾರಕರು ಬಂದರು. ಬರುವಾಗ ಗೇಟ್ ರಿಜಿಸ್ಟರನ್ನೂ ಹೊತ್ತು ತಂದರು. ಅದನ್ನು ತರಬೇಕೆಂದು ಎದುರು ಪಕ್ಷ ಕೇಳಿರಲಿಲ್ಲ. ಕಾರ್ಮಿಕನ ಪರ ವಕೀಲರು ಪಾಟೀಸವಾಲಿನಲ್ಲಿ ಮೂರನೇ ಬೈಠಕ್ಕಿನ ದಿನಾಂಕದ ಪುಟ ತೆಗೆಯಿರಿ ಎಂದರು. ನೀಲಿ ಶಾಯಿಯಲ್ಲಿ ಆಪರೇಟರನ ಹೆಸರು, ಒಳಬಂದ ಸಮಯ 10.50, ‘ಯಾರನ್ನು ಕಾಣಲು’ ಎಂಬ ಕಾಲಮಿನಲ್ಲಿ ‘ಎನ್‌ಕ್ವೈರಿ’, ಹೊರಹೋದ ಸಮಯ 12.40. ಇದು ಯಾರ ಕೈಬರಹ ಎಂಬ ಪ್ರಶ್ನೆಗೆ ಮೇಲ್ವಿಚಾರಕರು ಪ್ರಾಮಾಣಿಕವಾಗಿ ಉತ್ತರಿಸಿದರು: ನಮ್ಮ ಗಾರ್ಡಿನದು. ಪ್ರಾಥಮಿಕ ವಿವಾದಾಂಶದ ಆದೇಶ ಕಾರ್ಮಿಕನ ಪರವಾಗಿ ಬಂತು.

ಇಷ್ಟಾದ ಮೇಲೂ ಆಡಳಿತಕ್ಕೆ ದಾರಿ ಇರಬಹುದಿತ್ತು. ವಿಚಾರಣೆ ದೋಷಪೂರಿತವೆಂದು ಬಿದ್ದುಹೋದರೂ ಆರೋಪವನ್ನು ನ್ಯಾಯಾಲಯದ ಮುಂದೆಯೇ ಹೊಸದಾಗಿ ಸಾಬೀತುಪಡಿಸುವ ಅವಕಾಶವನ್ನು ಮಾಲೀಕರು ಕೇಳಬಹುದು. ಆದರೆ ಅದನ್ನು ಯಾವಾಗ ಕೇಳಬೇಕು? ನಮ್ಮದೇ ಸಾರಿಗೆ ನಿಗಮದ ಒಂದು ಪ್ರಕರಣದಲ್ಲಿ, 2001ರಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಇದನ್ನು ಇತ್ಯರ್ಥ ಮಾಡಿದೆ: ಲಿಖಿತ ಹೇಳಿಕೆ ಸಲ್ಲಿಸುವಾಗಲೇ ಕೇಳಿಕೊಂಡಿರಬೇಕು. ಈ ಕಾರ್ಖಾನೆಯ ಲಿಖಿತ ಹೇಳಿಕೆಯನ್ನು ನಾನು ಮೂರು ಸಲ ಓದಿದೆ. ಹನ್ನೊಂದು ಪುಟಗಳಲ್ಲಿ ವಿಚಾರಣೆ ಎಷ್ಟು ಪರಿಶುದ್ಧವಾಗಿತ್ತೆಂಬ ವರ್ಣನೆಯಿದೆ, ಆ ಒಂದು ಸಾಲು ಇಲ್ಲ. ತಮ್ಮ ವಿಚಾರಣೆ ಬೀಳಬಹುದೆಂದು ಬರೆದವರಿಗೆ ಅನ್ನಿಸಿಯೇ ಇರಲಿಲ್ಲ.

ಕಡತ ನನ್ನ ಕೈಗೆ ಬಂದದ್ದು ಆಗ. ರಾಜಿಯಾಗಿ, ಕೆಲಸಕ್ಕೆ ತೆಗೆದುಕೊಳ್ಳಿ, ಹಿಂಬಾಕಿ ವೇತನದ ಬಗ್ಗೆ ಚೌಕಾಸಿ ಮಾಡಿ ಎಂದೆ. ‘ಕಳ್ಳನನ್ನು ವಾಪಸು ಕರೆದುಕೊಂಡರೆ ಮಿಕ್ಕವರಿಗೆ ಏನು ಸಂದೇಶ ಹೋಗುತ್ತದೆ ಸಾರ್’ ಎಂದು ವ್ಯವಸ್ಥಾಪಕರು ಕೇಳಿದರು. ಅವನು ಕಳ್ಳನೆಂದು ಇಲ್ಲಿಯವರೆಗೆ ಯಾರೂ ತೋರಿಸಿಲ್ಲವಲ್ಲ ಎಂದು ನಾನಂದದ್ದು ಅವರಿಗೆ ರುಚಿಸಲಿಲ್ಲ. ತಡವಾಗಿ ಸಾಕ್ಷ್ಯಕ್ಕೆ ಅನುಮತಿ ಕೋರಿ ಅರ್ಜಿ ಹಾಕಿದರು, ಅದು ವಜಾ ಆಯಿತು. ಸಾಕ್ಷ್ಯವೇ ಇಲ್ಲದ ಮೇಲೆ ವಜಾ ಆದೇಶ ನಿಲ್ಲಲಿಲ್ಲ.

ಹಿಂಬಾಕಿ ವೇತನದ ವಿಷಯದಲ್ಲಿ ಆಪರೇಟರನ ನೇರ ನುಡಿ ಅವನಿಗೆ ದುಬಾರಿಯಾಯಿತು. ಬೇರೆಡೆ ದುಡಿಮೆ ಇರಲಿಲ್ಲವೆಂದು ಕಾರ್ಮಿಕ ಹೇಳಿದರೆ, ಇತ್ತೆಂದು ತೋರಿಸುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆಂಬುದು 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿನ ಸಾರ. ಇವನನ್ನು ಕೇಳಿದಾಗ, ವರ್ಷದಲ್ಲಿ ಏಳೆಂಟು ತಿಂಗಳು ಕೊಬ್ಬರಿ ಒಡೆಯುತ್ತಿದ್ದೆ, ದಿನಗೂಲಿ ಸಿಗುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ನ್ಯಾಯಾಲಯ ಮರುನೇಮಕ, ಸೇವಾ ನಿರಂತರತೆ ಮತ್ತು ಅರ್ಧ ಹಿಂಬಾಕಿ ವೇತನ ಕೊಟ್ಟಿತು. ಆಡಳಿತ ಹೈಕೋರ್ಟಿಗೆ ಹೋಯಿತು. ಅಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಯ 17-ಬಿ ಕಲಮಿನಡಿ, ಅರ್ಜಿ ತೀರ್ಮಾನವಾಗುವವರೆಗೆ ಕೊನೆಯದಾಗಿ ಪಡೆದ ವೇತನವನ್ನು ತಿಂಗಳು ತಿಂಗಳು ಕೊಡಬೇಕಾಗಿ ಬಂತು. ಕೆಲಸ ಮಾಡಿಸಿಕೊಳ್ಳದೆ ಸಂಬಳ ಕೊಡುವುದು ಯಾವ ಲೆಕ್ಕ ವಿಭಾಗಕ್ಕೂ ಹೆಚ್ಚು ದಿನ ಸಹಿಸಲಾಗುವುದಿಲ್ಲ. ಒಂದು ವರ್ಷ ತುಂಬುವ ಮೊದಲೇ ರಾಜಿ ಪತ್ರಕ್ಕೆ ಎರಡೂ ಕಡೆಯವರು ಸಹಿ ಹಾಕಿದರು. ವಜಾ ಆದ ದಿನದಿಂದ ಲೆಕ್ಕ ಹಾಕಿದರೆ ಆರು ವರ್ಷ ಒಂಬತ್ತು ತಿಂಗಳಿಗೆ ಅವನು ವೈಂಡಿಂಗ್ ವಿಭಾಗಕ್ಕೆ ಮರಳಿದ. ಅವನ ಪರವಾಗಿ ಪ್ರಶ್ನೆ ಕೇಳಿದ್ದ ಹಿರಿಯರು ಅಷ್ಟರಲ್ಲಿ ನಿವೃತ್ತರಾಗಿದ್ದರು.

ಉಳಿದ ಮಾತು

ಈ ಪ್ರಕರಣವನ್ನು ‘ತಾಂತ್ರಿಕ ಕಾರಣಕ್ಕೆ ಸೋತ’ ಪ್ರಕರಣವೆಂದು ಕಾರ್ಖಾನೆಯಲ್ಲಿ ಇಂದಿಗೂ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತಂತಿ ಆ ಚೀಲಕ್ಕೆ ಹೇಗೆ ಬಂತೆಂಬುದು ಮಾಲೀಕರಿಗೂ ಗೊತ್ತಾಗಲಿಲ್ಲ, ನ್ಯಾಯಾಲಯಕ್ಕೂ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಲು ಇದ್ದ ಮೂರು ಅವಕಾಶಗಳಾದ ತೂಕ, ರಿಜಿಸ್ಟರು ಮತ್ತು ಪಾಟೀಸವಾಲನ್ನು ವಿಚಾರಣೆಯೇ ಬಿಟ್ಟುಕೊಟ್ಟಿತು. ಅವನು ನಿರಪರಾಧಿ ಎಂದು ತೀರ್ಪು ಹೇಳಿಲ್ಲ, ಆ ಕಳಂಕವನ್ನು ತೊಳೆದುಕೊಳ್ಳುವ ಅವಕಾಶ ಅವನಿಗೂ ತಪ್ಪಿತು.

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಗಳ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಸ್ಥಾಯಿ ಆದೇಶಗಳ ಅಧ್ಯಾಯ ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾತ್ರ ಅನ್ವಯ, ಆ ಲೆಕ್ಕದಲ್ಲಿ ಈ ಕಾರ್ಖಾನೆ ಹೊರಗುಳಿಯುತ್ತದೆ. ಹಾಗಾಗಿ ವಿಚಾರಣೆಯ ಗೋಜು ತಪ್ಪಿತೆಂದು ಒಬ್ಬ ಮಾಲೀಕರು ನನ್ನೆದುರು ಸಂತೋಷಪಟ್ಟರು. ವಜಾ ಮಾಡಿದರೆ ವಿವಾದ ನ್ಯಾಯಮಂಡಳಿಯ ಮುಂದೆ ಹೋಗುವುದು ಈಗಲೂ ಹೋಗುತ್ತದೆ, ಕಾರ್ಮಿಕನ ಮಾತನ್ನು ಯಾವಾಗ ಕೇಳಿದಿರಿ ಎಂಬ ಪ್ರಶ್ನೆ ಅಲ್ಲಿಯೂ ಬರುತ್ತದೆ ಎಂದು ಅವರಿಗೆ ವಿವರಿಸಬೇಕಾಯಿತು.

ಈ ಕಾರ್ಖಾನೆಯವರು ಕೆಲವನ್ನು ಬದಲಿಸಿಕೊಂಡರು. ಆಂತರಿಕ ವಿಚಾರಣೆ ಈಗ ಗೇಟಿನ ಹೊರಗಿನ ತರಬೇತಿ ಕೊಠಡಿಯಲ್ಲಿ ನಡೆಯುತ್ತದೆ. ಗೈರುಹಾಜರಿ ಬರೆಯುವ ಮುನ್ನ ವಿಚಾರಣಾಧಿಕಾರಿ ಗೇಟಿಗೆ ಫೋನ್ ಮಾಡಿ, ಕೇಳಿದ್ದನ್ನು ನಡವಳಿಯಲ್ಲಿ ದಾಖಲಿಸಬೇಕು. ಚಾರ್ಜ್‌ಶೀಟ್ ಕನ್ನಡದಲ್ಲಿ. ಊಟದ ಚೀಲಗಳಿಗೆ ಬೀಗವಿರುವ ಗೂಡುಗಳು ಬಂದಿವೆ, ಅದಕ್ಕೆ ಮಾತ್ರ ಎರಡು ವರ್ಷ ಹಿಡಿಯಿತು.

ರಾಜಿಯ ಕಾಗದಪತ್ರ ಮುಗಿದ ದಿನ ಸ್ಟೋರ್‌ಕೀಪರು ಕಪಾಟಿನಿಂದ ಆ ಪತ್ರಿಕೆಯ ಪೊಟ್ಟಣ ತೆಗೆದು, ಇದನ್ನೇನು ಮಾಡಲಿ ಸಾರ್ ಎಂದು ಕೇಳಿದರು. ತೂಗಿ ಎಂದೆ. 1 ಕೆಜಿ 120 ಗ್ರಾಂ ಬಂತು. ಅವರು ಸ್ಕ್ರ್ಯಾಪ್ ರಿಜಿಸ್ಟರ್ ತೆರೆದು, ಅವತ್ತಿನ ದಿನಾಂಕದಲ್ಲೇ ಅದನ್ನು ಬರೆದುಕೊಂಡರು.